ಚುಕ್ಕಿ ಏರಿದೆ, ಸರಿ. ಏರಿಸಿದ್ದು ಯಾರು?

ನಮಸ್ಕಾರ. ಹೋದ ತಿಂಗಳು ಧಾರವಾಡದ ಸಪ್ತಾಪುರದಲ್ಲಿ ಅಕ್ಕನ ಮಗನ ರೂಮಿಗೆ ಹೋಗಿದ್ದೆ. ಅವನದು ಹಾನಗಲ್ ಕಡೆಯ ಹಳ್ಳಿ. ಪಿಎಸ್‌ಐ ಪರೀಕ್ಷೆಗೆ ಓದ್ತಿದ್ದಾನೆ. ಹಾಸಿಗೆ ಕೆಳಗಿಂದ ಒಂದು ಕೋಚಿಂಗ್ ಸೆಂಟರಿನ ಪಾಂಪ್ಲೆಟ್ ತೆಗೆದ.

"ಮಾಮಾ, ಇದನ್ನ ನೋಡ್ರಿ. ಸ್ಪೆಷಲ್ ಬ್ಯಾಚ್ ಸೇರಬೇಕು. ಅಪ್ಪಾ ಎರಡು ಎಕರೆ ಹೊಲ ಲಾವಣಿಗೆ (ಗುತ್ತಿಗೆಗೆ) ಕೊಡ್ತೀನಿ ಅಂದಾರ."

ಅದರಲ್ಲಿ ಒಂದು ಚುಕ್ಕಿ ಚಿತ್ರ ಇತ್ತು. ಸ್ಕ್ಯಾಟರ್ ಪ್ಲಾಟ್ ಅಂತಾರಲ್ಲ, ಅದು. ಕೆಳಗಿನ ಗೆರೆಯಲ್ಲಿ ಅವರ ರೀಡಿಂಗ್ ರೂಮಿನಲ್ಲಿ ಕೂತ ಗಂಟೆ, ಪಕ್ಕದ ಗೆರೆಯಲ್ಲಿ ಟೆಸ್ಟಿನ ಅಂಕ. ಒಂದೊಂದು ಚುಕ್ಕಿ ಒಬ್ಬೊಬ್ಬ ವಿದ್ಯಾರ್ಥಿ. ಎಡಗಡೆ ಕೆಳಗಿಂದ ಬಲಗಡೆ ಮೇಲಕ್ಕೆ ಚುಕ್ಕಿಗಳು ಇರುವೆ ಸಾಲಿನ ಹಾಗೆ ಹತ್ತಿದ್ದವು. ನಡುವೆ ದಪ್ಪ ಕೆಂಪು ಗೆರೆ. ಅಡಿಯಲ್ಲಿ ಒಂದು ಸಾಲು: ಇಲ್ಲಿ ಕೂತರೆ ಅಂಕ ಏರುತ್ತದೆ.

ಎರಡೂ ಜೊತೆಗೆ ಏರಿವೆ, ನಿಜ. ಇದಕ್ಕೆ ಸಹಸಂಬಂಧ ಅಂತಾರೆ. ಆದರೆ ಕೂತಿದ್ದಕ್ಕೇ ಅಂಕ ಬಂತು ಅನ್ನೋದು ಚುಕ್ಕಿಗಳ ಮಾತಲ್ಲ. ಅದು ಅಡಿಯಲ್ಲಿ ಬರೆದವರ ಮಾತು.

ತೀರಾ ಮೇಲಿನ ಚುಕ್ಕಿ ಮೇಲೆ ಬೆರಳಿಟ್ಟೆ. ಅಂಕದ ಪಟ್ಟಿ ಗೋಡೆಗೆ ಅಂಟಿಸಿರ್ತಾರೆ, ಹಾಗಾಗಿ ಯಾರು ಅಂತ ಅವನಿಗೆ ಗೊತ್ತು. "ಅವ್ರು ಮೂರನೇ ಸಲ ಬರಿಯಾಕತ್ತಾರ. ಮನಿಯಿಂದ ರೊಕ್ಕ ಬರ್ತದ." ಎಡಗಡೆ ಕೆಳಗಿಂದು? "ನನ್ನ ರೂಮ್‌ಮೇಟ್. ರಾತ್ರಿ ಹನ್ನೊಂದರ ತನಕ ಖಾನಾವಳಿಯೊಳಗ ಕೆಲಸ ಮಾಡ್ತಾನ."

ನೋಡಿ, ಮನೆಯಿಂದ ದುಡ್ಡು ಬಂದರೆ ಇಡೀ ದಿನ ಕೂರೋಕೆ ಆಗುತ್ತದೆ. ಅದೇ ದುಡ್ಡಿನಿಂದ ಒಳ್ಳೆ ಊಟ, ನಿದ್ದೆ, ಇನ್ನೊಂದು ಸಲ ಬರೆಯೋ ಅವಕಾಶವೂ ಸಿಗುತ್ತದೆ. ಗಂಟೆಯನ್ನೂ ಅಂಕವನ್ನೂ ಏರಿಸಿದ್ದು ಚಿತ್ರದಲ್ಲೇ ಇಲ್ಲದ ಮೂರನೇ ಸಂಗತಿ ಇರಬಹುದು. ಇದು ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋದ ಹಾಗಲ್ಲ, ಅದು ಬರೀ ಆಕಸ್ಮಿಕ. ಇಲ್ಲಿ ಕಾಗೆಯನ್ನು ಕೂರಿಸಿ, ಟೊಂಗೆಯನ್ನೂ ಮುರಿಯೋ ಕೈ ಒಂದಿರಬಹುದು.

ಆಮೇಲೆ ನನ್ನ ಕಣ್ಣು ಬಲಗಡೆ ಕೆಳಗಿನ ಮೂಲೆಗೆ ಹೋಯಿತು. ಪೂರ್ತಿ ಖಾಲಿ. ಜಾಸ್ತಿ ಹೊತ್ತು ಕೂತು ಕಡಿಮೆ ಅಂಕ ತಗೊಂಡವರು ಒಬ್ಬರೂ ಇಲ್ವಾ? ಕೇಳಿದೆ. "ಇದ್ರು ಮಾಮಾ. ನಡುವ ಬಿಟ್ಟು ಊರಿಗೆ ಹೋದ್ರು." ಅವರ ಚುಕ್ಕಿಗಳನ್ನು ಹಾಕಿದ್ದರೆ ಕೆಂಪು ಗೆರೆ ಇಷ್ಟು ಕಡಿದಾಗಿ ಇರುತ್ತಿರಲಿಲ್ಲ. ನನಗೆ ಸಿಟ್ಟು ಬಂದಿದ್ದು ಇಲ್ಲೇ. ಸೋತು ಹೋದ ಮಕ್ಕಳನ್ನು ಅಳಿಸಿ, ಉಳಿದವರನ್ನು ತೋರಿಸಿ, ರೈತನ ಹೊಲಕ್ಕೆ ಕೈ ಹಾಕೋದು ತಪ್ಪು.

ಮೂಲೆಯಲ್ಲಿ 0.8 ಅಂತ ಒಂದು ಸಂಖ್ಯೆಯೂ ಇತ್ತು. ಎರಡೂ ಎಷ್ಟು ಬಿಗಿಯಾಗಿ ಜೊತೆಗೆ ಏರಿವೆ ಅಂತ ಹೇಳೋ ಅಳತೆ ಅದು; 1 ಅಂದರೆ ಚುಕ್ಕಿಗಳೆಲ್ಲ ಒಂದೇ ನೇರ ಗೆರೆಯಲ್ಲಿ. ಅದಕ್ಕೆ ಮರುಳಾಗಬೇಡಿ. 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೊಂಬ್ ನಾಲ್ಕು ಚುಕ್ಕಿ ಚಿತ್ರ ಮಾಡಿ ತೋರಿಸಿದರು. ನಾಲ್ಕರಲ್ಲೂ ಈ ಸಂಖ್ಯೆ ಸುಮಾರು 0.82. ಒಂದರಲ್ಲಿ ಚುಕ್ಕಿಗಳು ಬಿಲ್ಲಿನ ಹಾಗೆ ಬಾಗಿವೆ. ಇನ್ನೊಂದರಲ್ಲಿ ದೂರದ ಒಂದೇ ಚುಕ್ಕಿ ಇಡೀ ಗೆರೆಯನ್ನು ಎಳೆದಿದೆ.

ಹಾಗಂತ ಚುಕ್ಕಿಗಳನ್ನು ಕಸದ ಬುಟ್ಟಿಗೆ ಹಾಕಿ ಅಂತಲ್ಲ. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಅನ್ನೋ ಕತೆಯೂ ಎರಡೂ ಜೊತೆಗೆ ಏರಿದ್ದನ್ನು ಕಂಡೇ ಶುರುವಾಗಿದ್ದು. 1950ರಲ್ಲಿ ಬ್ರಿಟನ್ನಿನ ಸಂಶೋಧಕರಾದ ರಿಚರ್ಡ್ ಡಾಲ್, ಬ್ರಾಡ್‌ಫರ್ಡ್ ಹಿಲ್ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನು ಅದೇ ವಯಸ್ಸಿನ ಬೇರೆ ರೋಗಿಗಳ ಜೊತೆ ಹೋಲಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. 1951ರಿಂದ ಸುಮಾರು 40,000 ವೈದ್ಯರ ಆರೋಗ್ಯದ ಬೆನ್ನು ಹತ್ತಿದರು. ಆ ಅಧ್ಯಯನ 50 ವರ್ಷ ನಡೆಯಿತು. ಜಾಸ್ತಿ ಸೇದಿದವರಿಗೆ ಅಪಾಯ ಜಾಸ್ತಿ, ಬಿಟ್ಟವರಿಗೆ ಕಡಿಮೆ ಅಂತ ಕಂಡಿತು. ಕಾರಣ ಅನ್ನೋ ಮಾತನ್ನು ಹೀಗೆ ದುಡಿದು ಗಳಿಸಬೇಕು.

ಕೋಚಿಂಗಿನವರೂ ಅಷ್ಟು ಮಾಡಲಿ. ಮೊದಲ ಸಲ ಬರೆಯೋರನ್ನು ಬೇರೆ, ಮೂರನೇ ಸಲದವರನ್ನು ಬೇರೆ ತೋರಿಸಲಿ. ಬಿಟ್ಟು ಹೋದವರ ಚುಕ್ಕಿಯನ್ನೂ ಹಾಕಲಿ.

ಅವತ್ತು ಸಂಜೆ ಅವನು ಅಪ್ಪನಿಗೆ ಫೋನ್ ಮಾಡಿ, ಹೊಲ ಸದ್ಯಕ್ಕೆ ಹಾಗೇ ಇರಲಿ ಅಂದ. ಮರುದಿನ ಇಬ್ಬರೂ ಆ ಆಫೀಸಿಗೆ ಹೋಗಿ, ಬ್ಯಾಚಿನ ಮೊದಲ ದಿನದ ಹಾಜರಿ ಪಟ್ಟಿ ಕೇಳಿದೆವು. ಇನ್ನೂ ಕೊಟ್ಟಿಲ್ಲ.