ಮನೆಯಲ್ಲಿ ಕಟ್ಟುವ ಫೋನೊ ಪ್ರಿಆ್ಯಂಪ್: ಐಸಿ ಬದಲಿಸುವ ಮುನ್ನ

ಎಲ್ಲರಿಗೂ ನಮಸ್ಕಾರ.

ಪ್ರಿಆ್ಯಂಪ್ (ದುರ್ಬಲ ಸಿಗ್ನಲನ್ನು ಮುಂದಿನ ಆ್ಯಂಪ್‌ಗೆ ಸಾಕಾಗುವಷ್ಟು ಏರಿಸುವ ಸರ್ಕ್ಯೂಟ್) ಕಟ್ಟುವವರು ನಾಲ್ಕು ಜನ ಸೇರಿದರೆ ಮೊದಲು ಕೇಳಿಬರುವುದು ಒಂದೇ ಪ್ರಶ್ನೆ: ಯಾವ ಐಸಿ ಹಾಕಿದ್ದೀರಿ? ಇವತ್ತು ಆ ಪ್ರಶ್ನೆಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ. ಹಮ್ (ಕರೆಂಟಿನ ಗುಂಯ್ ಸದ್ದು) ಬರುವುದು, ಮೇಲಿನ ಸ್ವರ ಚುಚ್ಚುವುದು, ಎಡಬಲ ಒಂದೇ ಸಮ ಇಲ್ಲದಿರುವುದು, ಇವುಗಳಲ್ಲಿ ಬಹುಪಾಲು ಐಸಿಯಿಂದ ಬರುವುದಿಲ್ಲ. ಗ್ರೌಂಡ್ ವೈರಿಂಗ್, ಟ್ರಾನ್ಸ್‌ಫಾರ್ಮರ್ ಇಟ್ಟ ಜಾಗ, ಕೇಬಲ್ಲಿನ ಕೆಪಾಸಿಟೆನ್ಸ್, ಎಡಬಲ ಹೊಂದದ ಬಿಡಿಭಾಗಗಳು, ಈ ನಾಲ್ಕರಿಂದ ಬರುತ್ತವೆ. ಉದಾಹರಣೆಗೆ ಎಲ್‌ಪಿ ತಟ್ಟೆಗಳಿಗೆ ಬೇಕಾಗುವ ಫೋನೊ ಪ್ರಿಆ್ಯಂಪನ್ನೇ ತೆಗೆದುಕೊಳ್ಳೋಣ. ತಪ್ಪುಗಳು ಅದರಲ್ಲಿ ಕೇಳಿಸುವಷ್ಟು ಸ್ಪಷ್ಟವಾಗಿ ಬೇರೆ ಯಾವ ಸರ್ಕ್ಯೂಟಿನಲ್ಲೂ ಕೇಳಿಸುವುದಿಲ್ಲ.

ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ಸೂಜಿಯ ಅಲುಗಾಟವನ್ನು ವಿದ್ಯುತ್ ಸಿಗ್ನಲ್ ಮಾಡುವ ಪುಟ್ಟ ಭಾಗ) ಕೊಡುವುದು 1 ಕಿಲೊಹರ್ಟ್ಸ್‌ನಲ್ಲಿ ಸುಮಾರು 4ರಿಂದ 5 ಮಿಲಿವೋಲ್ಟ್. ಅದನ್ನು ಅರ್ಧ ವೋಲ್ಟ್ ಮಾಡಲು ನೂರು ಪಟ್ಟು, ಅಂದರೆ 40 ಡೆಸಿಬೆಲ್ ಗೇನ್ (ವರ್ಧನೆ) ಬೇಕು. ಅಷ್ಟೇ ಆಗಿದ್ದರೆ ಸುಲಭವಿತ್ತು. ತಟ್ಟೆ ಕೊರೆಯುವಾಗ ಬೇಸ್ ತಗ್ಗಿಸಿ ಟ್ರೆಬಲ್ ಏರಿಸಿರುತ್ತಾರೆ. ನುಡಿಸುವಾಗ ನಾವು ಅದನ್ನು ತಿರುವುಮುರುವು ಮಾಡಬೇಕು. ಇದೇ ಆರ್‌ಐಎಎ ಕರ್ವ್, 1950ರ ದಶಕದ ಮಧ್ಯದಿಂದ ಎಲ್ಲರೂ ಒಪ್ಪಿಕೊಂಡ ಅಳತೆ. ಅದರ ಮೂರು ಟೈಮ್ ಕಾನ್‌ಸ್ಟಂಟ್‌ಗಳು (ಕರ್ವ್ ತಿರುಗುವ ಜಾಗ ಹೇಳುವ ರೆಸಿಸ್ಟರ್-ಕೆಪಾಸಿಟರ್ ಗುಣಲಬ್ಧಗಳು) 3180, 318 ಮತ್ತು 75 ಮೈಕ್ರೊಸೆಕೆಂಡ್. 1 ಕಿಲೊಹರ್ಟ್ಸ್‌ಗೆ ಹೋಲಿಸಿದರೆ 20 ಹರ್ಟ್ಸ್‌ನಲ್ಲಿ 19.3 ಡೆಸಿಬೆಲ್ ಹೆಚ್ಚು, 20 ಕಿಲೊಹರ್ಟ್ಸ್‌ನಲ್ಲಿ 19.6 ಡೆಸಿಬೆಲ್ ಕಡಿಮೆ. 50 ಹರ್ಟ್ಸ್‌ನ ಹಮ್ ಸಹ ಇದೇ ಲೆಕ್ಕದಲ್ಲಿ ಸುಮಾರು 17 ಡೆಸಿಬೆಲ್ ಹೆಚ್ಚಿಗೆ ವರ್ಧಿಸುತ್ತದೆ ಎಂಬುದು ನೆನಪಿರಲಿ.

ಸರ್ಕ್ಯೂಟ್‌ಗೆ ಬರೋಣ. ಎನ್‌ಇ5532 ಎಂದರೆ ಒಳಗೆ ಎರಡು ಆಪ್ ಆ್ಯಂಪ್ (ಸಿಗ್ನಲ್ ವರ್ಧಿಸುವ ಸರ್ಕ್ಯೂಟ್) ಇರುವ ಐಸಿ. ಅದರ ಅರ್ಧ ಭಾಗ ಒಂದು ಚಾನೆಲ್‌ಗೆ, ಉಳಿದರ್ಧ ಇನ್ನೊಂದಕ್ಕೆ. ಆರ್‌ಸಿಎ ಸಾಕೆಟ್‌ನಿಂದ 10 ಮೈಕ್ರೊಫ್ಯಾರಡ್ ಬೈಪೋಲಾರ್ (ಪ್ಲಸ್ ಮೈನಸ್ ಭೇದವಿಲ್ಲದ) ಕೆಪಾಸಿಟರ್ ಮೂಲಕ ಪಿನ್ 3ಕ್ಕೆ. ಪಿನ್ 3ರಿಂದ ಗ್ರೌಂಡ್‌ಗೆ 47 ಕಿಲೊಓಮ್. ಪಿನ್ 2ರಿಂದ 100 ಓಮ್ ರೆಸಿಸ್ಟರ್, ಅದರ ಕೆಳಗೆ 470 ಮೈಕ್ರೊಫ್ಯಾರಡ್ ಬೈಪೋಲಾರ್, ಅಲ್ಲಿಂದ ಗ್ರೌಂಡ್. ಔಟ್‌ಪುಟ್ ಪಿನ್ 1ರಿಂದ ಪಿನ್ 2ಕ್ಕೆ ಫೀಡ್‌ಬ್ಯಾಕ್: ಎರಡು ಜೋಡಿಗಳು ಸೀರೀಸ್‌ನಲ್ಲಿ. ಮೊದಲ ಜೋಡಿ 88.2 ಕಿಲೊಓಮ್, ಅದಕ್ಕೆ ಪ್ಯಾರಲಲ್ ಆಗಿ 36 ನ್ಯಾನೊಫ್ಯಾರಡ್. ಎರಡನೆಯದು 7.5 ಕಿಲೊಓಮ್, ಪ್ಯಾರಲಲ್ ಆಗಿ 10 ನ್ಯಾನೊಫ್ಯಾರಡ್. ಗೇನ್ ಸುಮಾರು 98 ಪಟ್ಟು ಬರುತ್ತದೆ. ಬೇರೆ ಕೆಪಾಸಿಟರ್ ಕೈಗೆ ಸಿಕ್ಕರೆ ಚಿಕ್ಕ ಜೋಡಿಯ ಗುಣಲಬ್ಧವನ್ನು 75 ಮೈಕ್ರೊಸೆಕೆಂಡ್‌ನಲ್ಲೇ ಇಟ್ಟು ಅನುಪಾತವನ್ನೂ ಕಾಪಾಡಿಕೊಳ್ಳಿ: ದೊಡ್ಡ ಕೆಪಾಸಿಟರ್ ಚಿಕ್ಕದರ 3.6 ಪಟ್ಟು, ದೊಡ್ಡ ರೆಸಿಸ್ಟರ್ ಚಿಕ್ಕದರ 11.78 ಪಟ್ಟು.

36 ನ್ಯಾನೊ ಅಂಗಡಿಯಲ್ಲಿ ಸಿಗುವುದಿಲ್ಲ, 33ಕ್ಕೆ 3.3 ಪ್ಯಾರಲಲ್ ಹಾಕಿ. 88.2 ಕಿಲೊಓಮ್‌ಗೆ 82 ಮತ್ತು 6.2 ಸೀರೀಸ್‌ನಲ್ಲಿ. 6.2 ಸಿಗದಿದ್ದರೆ 6.8 ಹಾಕಿದರೂ ಕಿವಿ ದೂರುವುದಿಲ್ಲ. ಕೆಪಾಸಿಟರ್‌ಗಳು ಪಾಲಿಪ್ರೊಪಿಲಿನ್ ಅಥವಾ ಪಾಲಿಯೆಸ್ಟರ್ ಆಗಿರಲಿ. ಸಾಧಾರಣ ಸೆರಾಮಿಕ್ ಬೇಡವೇ ಬೇಡ: ವೋಲ್ಟೇಜ್ ಬದಲಾದಂತೆ ಅದರ ಕೆಪಾಸಿಟೆನ್ಸೂ ಬದಲಾಗುತ್ತದೆ, ಬೋರ್ಡ್ ತಟ್ಟಿದರೆ ಸ್ಪೀಕರ್‌ನಲ್ಲಿ ಟಕ್ ಎನ್ನುತ್ತದೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ 5 ಪರ್ಸೆಂಟ್‌ನವು ಧಾರಾಳ ಸಿಗುತ್ತವೆ. ಎರಡರ ಬದಲು ಹತ್ತು ಕೊಂಡು, ಕೆಪಾಸಿಟೆನ್ಸ್ ಅಳೆಯುವ ಮಲ್ಟಿಮೀಟರ್‌ನಲ್ಲಿ ಒಂದೊಂದನ್ನೂ ನೋಡಿ ಜೋಡಿ ಆರಿಸಿಕೊಳ್ಳಿ. 10 ನ್ಯಾನೊ 5 ಪರ್ಸೆಂಟ್ ತಪ್ಪಿದರೆ ಟ್ರೆಬಲ್‌ನಲ್ಲಿ ಅರ್ಧ ಡೆಸಿಬೆಲ್‌ಗಿಂತ ಕಡಿಮೆ ವ್ಯತ್ಯಾಸ, ಅದನ್ನು ತಡೆದುಕೊಳ್ಳಬಹುದು. ಎಡದ್ದು ಮೇಲಕ್ಕೂ ಬಲದ್ದು ಕೆಳಕ್ಕೂ ತಪ್ಪಿದರೆ ಪಿಟೀಲು ಇದ್ದ ಕಡೆ ಇರದೆ ಓಡಾಡುತ್ತದೆ.

ಔಟ್‌ಪುಟ್‌ನಲ್ಲಿ 100 ಓಮ್ ಸೀರೀಸ್ ರೆಸಿಸ್ಟರ್ ತಪ್ಪದೆ ಹಾಕಿ. ಇಲ್ಲದಿದ್ದರೆ ಮುಂದಿನ ಕೇಬಲ್ಲಿನ ಕೆಪಾಸಿಟೆನ್ಸ್ ನೇರವಾಗಿ ಐಸಿ ಮೇಲೆ ಕೂತು ಆಸಿಲೇಶನ್ (ಐಸಿ ತಾನಾಗಿಯೇ ಕಂಪಿಸುವುದು) ಶುರುವಾಗಬಹುದು. ಆ ರೆಸಿಸ್ಟರ್ ನಂತರ ಗ್ರೌಂಡ್‌ಗೆ 6.8 ಮತ್ತು 1 ನ್ಯಾನೊ ಪ್ಯಾರಲಲ್ ಆಗಿ ಹಾಕಿದರೆ ಇನ್ನೊಂದು ದೋಷವೂ ಸರಿಹೋಗುತ್ತದೆ. ಈ ಬಗೆಯ ಸ್ಟೇಜ್‌ನ ಗೇನ್ 1ಕ್ಕಿಂತ ಕೆಳಗಿಳಿಯಲಾರದು, ಹಾಗಾಗಿ 200 ಕಿಲೊಹರ್ಟ್ಸ್ ಸುಮಾರಿಗೆ ಕರ್ವ್ ಇಳಿಯುವುದನ್ನು ನಿಲ್ಲಿಸುತ್ತದೆ. ಕಿವಿಗೆ ಅದು ಕೇಳುವುದಿಲ್ಲ ನಿಜ. ಆದರೂ ತಟ್ಟೆಯ ಗೀರು, ಧೂಳಿನ ಚಟಪಟ ಮುಂದಿನ ಆ್ಯಂಪ್‌ಗೆ ಸ್ವಲ್ಪ ಮೆತ್ತಗಾಗಿ ಹೋಗುತ್ತದೆ. ಕೊನೆಗೆ 10 ಮೈಕ್ರೊಫ್ಯಾರಡ್ ಕಪ್ಲಿಂಗ್, ಅದರಾಚೆ ಗ್ರೌಂಡ್‌ಗೆ 100 ಕಿಲೊಓಮ್. ಈ 100 ಕಿಲೊಓಮ್ ಬಿಟ್ಟರೆ ಪ್ಲಗ್ ಚುಚ್ಚಿದಾಗಲೆಲ್ಲ ಸ್ಪೀಕರ್ ಧಡ್ ಎನ್ನುತ್ತದೆ.

ಪವರ್ ಸಪ್ಲೈ. 15-0-15 ವೋಲ್ಟ್, 500 ಮಿಲಿಆಂಪ್ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳು), ಎರಡೂ ಕಡೆ 2200 ಮೈಕ್ರೊಫ್ಯಾರಡ್ 35 ವೋಲ್ಟ್, ನಂತರ 7812 ಮತ್ತು 7912 (ಪ್ಲಸ್ ಮತ್ತು ಮೈನಸ್ 12 ವೋಲ್ಟ್ ರೆಗ್ಯುಲೇಟರ್‌ಗಳು). ಪುಸ್ತಕದ ಸರ್ಕ್ಯೂಟ್‌ಗಳಲ್ಲಿ 7815, 7915 ಇರುತ್ತದೆ. ನಾನು 12 ವೋಲ್ಟ್ ಹೇಳಲು ಕಾರಣ ನಮ್ಮ ಲೈನ್ ವೋಲ್ಟೇಜ್. ಹಳ್ಳಿಯಲ್ಲಿ ಸಂಜೆ 230 ಇರಬೇಕಾದದ್ದು 190ಕ್ಕೆ ಇಳಿದರೆ ಕೆಪಾಸಿಟರ್ ಮೇಲೆ ಸಿಗುವುದು 17 ವೋಲ್ಟ್‌ಗೂ ತುಸು ಕಡಿಮೆ. 7815ಕ್ಕೆ ಕೆಲಸ ಮಾಡಲು ತನ್ನ ಔಟ್‌ಪುಟ್‌ಗಿಂತ 2 ವೋಲ್ಟ್ ಹೆಚ್ಚು ಬೇಕು. ಆಗ ರೆಗ್ಯುಲೇಟರ್ ಕೈಬಿಡುತ್ತದೆ, 100 ಹರ್ಟ್ಸ್ ರಿಪಲ್ (ಡಿಸಿಯಲ್ಲಿ ಉಳಿದ ಏರಿಳಿತ) ನೇರ ಒಳಗೆ ಬರುತ್ತದೆ. ಹಗಲು ಚೆನ್ನಾಗಿದ್ದು ಸಂಜೆ ಮಾತ್ರ ಗುಂಯ್ ಎನ್ನುವ ಪ್ರಿಆ್ಯಂಪ್‌ನಲ್ಲಿ ಮೊದಲು ಇದನ್ನೇ ನೋಡಿ. 12 ವೋಲ್ಟ್‌ನಿಂದ ಹೆಡ್‌ರೂಮ್ (ಸಿಗ್ನಲ್ ಕೆಡದೆ ಏರಬಲ್ಲ ಮಿತಿ) ಕಡಿಮೆಯಾಗುತ್ತದಲ್ಲ ಎಂದರೆ, ತಟ್ಟೆಯ ಜೋರಾದ ಭಾಗದಲ್ಲೂ ನಮಗೆ ಬೇಕಾದ್ದು 2ರಿಂದ 3 ವೋಲ್ಟ್. ಇದರಲ್ಲಿ 7 ವೋಲ್ಟ್‌ವರೆಗೆ ಸಿಗುತ್ತದೆ.

7812 ಮತ್ತು 7912ರ ಕಾಲುಗಳ ಕ್ರಮ ಒಂದೇ ಅಲ್ಲ. 7812ರಲ್ಲಿ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7912ರಲ್ಲಿ ಗ್ರೌಂಡ್, ಇನ್‌ಪುಟ್, ಔಟ್‌ಪುಟ್. 7912ರ ಬೆನ್ನಿನ ಲೋಹವೂ ಗ್ರೌಂಡ್ ಅಲ್ಲ, ಇನ್‌ಪುಟ್. ಮೈಕಾ ಇಲ್ಲದೆ ಅದನ್ನು ಡಬ್ಬಿಗೆ ಬಿಗಿದರೆ ಮೈನಸ್ ಸಪ್ಲೈ ಶಾರ್ಟ್. ಐಸಿಯ 8 ಮತ್ತು 4ನೇ ಪಿನ್‌ಗಳ ಪಕ್ಕದಲ್ಲೇ 100 ನ್ಯಾನೊ ಸೆರಾಮಿಕ್ ಇರಲಿ; ಇಲ್ಲಿ ಸೆರಾಮಿಕ್ಕೇ ಸರಿ. ಪ್ರೈಮರಿಗೆ 200 ಮಿಲಿಆಂಪ್ ಸ್ಲೋ ಫ್ಯೂಸ್, ಮೂರು ಪಿನ್ನಿನ ಪ್ಲಗ್, ಅರ್ತ್ ವೈರ್ ಲೋಹದ ಡಬ್ಬಿಗೆ ಬೋಲ್ಟ್ ಹಾಕಿ. ಹಮ್ ಹೋಗುತ್ತದೆಂದು ಅರ್ತ್ ಪಿನ್ ಕತ್ತರಿಸುವವರಿದ್ದಾರೆ. ಹಾಗೆ ಮಾಡಿದ ಡಬ್ಬಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು.

ಈಗ ಗ್ರೌಂಡ್. ಬ್ರಿಡ್ಜ್ ಕೆಪಾಸಿಟರ್ ತುಂಬಿಸುವುದು ಸೆಕೆಂಡಿಗೆ ನೂರು ಸಲ, ಚಿಕ್ಕ ಚಿಕ್ಕ ಜೋರಾದ ಕರೆಂಟ್ ಪಲ್ಸ್‌ಗಳಲ್ಲಿ. ಟ್ರಾನ್ಸ್‌ಫಾರ್ಮರ್‌ನ ಸೆಂಟರ್ ಟ್ಯಾಪ್‌ನಿಂದ ಎರಡು 2200ಗಳ ನಡುವಿನ ಗಂಟಿನವರೆಗಿನ ವೈರ್‌ನಲ್ಲಿ ಆ ಪಲ್ಸ್‌ಗಳು ಓಡಾಡುತ್ತವೆ. ಒಂದು ಸೆಂಟಿಮೀಟರ್ ತಾಮ್ರಕ್ಕೂ ರೆಸಿಸ್ಟೆನ್ಸ್ ಇದೆ. ಇನ್‌ಪುಟ್ ಸಾಕೆಟ್ಟಿನ ಗ್ರೌಂಡನ್ನು ಆ ದಾರಿಯ ನಡುವೆ ಎಲ್ಲೋ ಸೇರಿಸಿದರೆ, ಅಲ್ಲಿ ಬೀಳುವ ಕೆಲವು ಮೈಕ್ರೊವೋಲ್ಟ್‌ಗಳನ್ನು ಪ್ರಿಆ್ಯಂಪ್ ಸಿಗ್ನಲ್ ಎಂದೇ ತಿಳಿದು ವರ್ಧಿಸುತ್ತದೆ. ಹಾಗಾಗಿ ಸೆಂಟರ್ ಟ್ಯಾಪ್ ಮೊದಲು ಕೆಪಾಸಿಟರ್ ಗಂಟಿಗೆ. ಅಲ್ಲಿಂದ ಒಂದೇ ಒಂದು ವೈರ್ ರೆಗ್ಯುಲೇಟರ್ ದಾಟಿ ಬೋರ್ಡ್‌ನ ಸ್ಟಾರ್ ಬಿಂದುವಿಗೆ. 47 ಕಿಲೊಓಮ್‌ನ ಕಾಲು, 470 ಮೈಕ್ರೊಫ್ಯಾರಡ್‌ನ ಕಾಲು, ಇನ್‌ಪುಟ್ ಸಾಕೆಟ್, ಔಟ್‌ಪುಟ್ ಸಾಕೆಟ್ ಎಲ್ಲ ಸ್ಟಾರ್‌ಗೆ ಬೇರೆ ಬೇರೆ ವೈರ್‌ನಲ್ಲಿ ಬರಲಿ. ಸಾಕೆಟ್‌ಗಳು ಡಬ್ಬಿಗೆ ತಾಗದ ಇನ್ಸುಲೇಟೆಡ್ ಮಾದರಿಯವು. ಸ್ಟಾರ್‌ನಿಂದ ಡಬ್ಬಿಗೆ 10 ಓಮ್, ಅದಕ್ಕೆ ಪ್ಯಾರಲಲ್ ಆಗಿ 100 ನ್ಯಾನೊ. ಟರ್ನ್‌ಟೇಬಲ್‌ನಿಂದ ಬರುವ ತೆಳು ಗ್ರೌಂಡ್ ವೈರ್ ಡಬ್ಬಿಯ ಸ್ಕ್ರೂಗೆ.

ಹಮ್ ಬಂದರೆ ಅದು 50 ಹರ್ಟ್ಸ್ ಅಥವಾ 100 ಹರ್ಟ್ಸ್ ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಫೋನಿನ ಸ್ಪೆಕ್ಟ್ರಮ್ ಆ್ಯಪ್ ಸಾಕು. ಸಂಜೆ ಮಾತ್ರವಲ್ಲದೆ ಯಾವಾಗಲೂ 100 ಹರ್ಟ್ಸ್‌ನ ಒರಟು ಸದ್ದಾದರೆ ಪಲ್ಸ್‌ಗಳು ಗ್ರೌಂಡ್‌ನಲ್ಲಿವೆ, ವೈರಿಂಗ್ ತಪ್ಪು. 50ರ ಮೆದು ಗುಂಯ್ ಆದರೆ ಟ್ರಾನ್ಸ್‌ಫಾರ್ಮರ್‌ನ ಮ್ಯಾಗ್ನೆಟಿಕ್ ಫೀಲ್ಡ್ ಅಥವಾ ಅರ್ತ್ ಲೂಪ್. ಟ್ರಾನ್ಸ್‌ಫಾರ್ಮರನ್ನು ಕೈಯಲ್ಲಿ ತಿರುಗಿಸಿದಾಗ (ಪ್ರೈಮರಿಯ ತುದಿಗಳೆಲ್ಲ ಮುಚ್ಚಿರಬೇಕು) ಹಮ್ ಏರಿಳಿದರೆ ಫೀಲ್ಡೇ ಕಾರಣ. ಅಲ್ಯುಮಿನಿಯಂ ತಗಡು 50 ಹರ್ಟ್ಸ್ ಫೀಲ್ಡನ್ನು ತಡೆಯುವುದಿಲ್ಲ. ದೂರವೇ ಮದ್ದು: ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, 2200ಗಳನ್ನು ಬೇರೆ ಡಬ್ಬಿಯಲ್ಲಿಟ್ಟು ಅರ್ಧ ಮೀಟರ್ ವೈರ್‌ನಲ್ಲಿ ಡಿಸಿ ತನ್ನಿ. ಕಟ್ಟಿ ಮುಗಿಸಿದ ಪ್ರಿಆ್ಯಂಪ್‌ಗೆ ಮಾಡಬಹುದಾದ ಮಾರ್ಪಾಡುಗಳಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವುದು ಇನ್ನೊಂದಿಲ್ಲ.

ಪರೀಕ್ಷೆಗೆ ಮೊದಲು ಐಸಿ ಇಲ್ಲದೆ ಸಾಕೆಟ್‌ನಲ್ಲಿ ಪಿನ್ 8ಕ್ಕೆ ಪ್ಲಸ್ 12, ಪಿನ್ 4ಕ್ಕೆ ಮೈನಸ್ 12 ನೋಡಿ. ಆಮೇಲೆ ಐಸಿ ಕೂರಿಸಿ, ಪಿನ್ 1 ಮತ್ತು 7ರಲ್ಲಿ ಡಿಸಿ ಕೆಲವು ಹತ್ತು ಮಿಲಿವೋಲ್ಟ್ ಒಳಗಿರಬೇಕು. ನಕಲಿ ಐಸಿಯ ಅನುಮಾನವಿದ್ದರೆ ಪ್ಲಸ್ ಸಪ್ಲೈಗೆ 100 ಓಮ್ ಸೀರೀಸ್ ಹಾಕಿ ಅದರ ಮೇಲಿನ ವೋಲ್ಟೇಜ್ ಅಳೆಯಿರಿ. ನಿಜವಾದ 5532 ಸುಮಾರು 8 ಮಿಲಿಆಂಪ್ ಎಳೆಯುತ್ತದೆ, 0.8 ವೋಲ್ಟ್ ಕಾಣಬೇಕು. ಕಾಲು ವೋಲ್ಟ್ ಬಂದರೆ ಹೆಸರು ಅಳಿಸಿ ಬರೆದ ಬೇರೆ ಯಾವುದೋ ಐಸಿ. ಇನ್‌ಪುಟ್ ಖಾಲಿ ಬಿಟ್ಟು ಪಿನ್ 3ನ್ನೂ ಅಳೆಯಿರಿ. 5532 ಅಲ್ಲಿ ಮೈನಸ್ 10 ಮಿಲಿವೋಲ್ಟ್ ಆಸುಪಾಸು ತೋರಿಸುತ್ತದೆ. ಸೊನ್ನೆ ಬಂದರೆ ಒಳಗಿರುವುದು ಎಫ್‌ಇಟಿ ಇನ್‌ಪುಟ್‌ನದು (ಇನ್‌ಪುಟ್‌ನಲ್ಲಿ ಕರೆಂಟ್ ಎಳೆಯದ ಬಗೆ), ಪ್ಲಸ್ ಬಂದರೂ 5532 ಅಲ್ಲ.

ಕರ್ವ್ ನೋಡಲು ಫೋನಿನಿಂದ ಅರ್ಧ ವೋಲ್ಟ್ ಟೋನ್ ತೆಗೆದು 10 ಕಿಲೊಓಮ್ ಮತ್ತು 100 ಓಮ್‌ನಿಂದ ಭಾಗಿಸಿದರೆ 5 ಮಿಲಿವೋಲ್ಟ್ ಸಿಗುತ್ತದೆ. 1 ಕಿಲೊಹರ್ಟ್ಸ್‌ನಲ್ಲಿ ಔಟ್‌ಪುಟ್ ಅರ್ಧ ವೋಲ್ಟ್ ಹತ್ತಿರ, 100 ಹರ್ಟ್ಸ್‌ನಲ್ಲಿ 2.2 ವೋಲ್ಟ್, 10 ಕಿಲೊಹರ್ಟ್ಸ್‌ನಲ್ಲಿ 100 ಮಿಲಿವೋಲ್ಟ್ ಇರಬೇಕು. ಕೊನೆಯದನ್ನು ಅಗ್ಗದ ಮಲ್ಟಿಮೀಟರ್‌ನಲ್ಲಿ ಅಳೆಯಬೇಡಿ. ಬಹುತೇಕ ಮೀಟರ್‌ಗಳ ಎಸಿ ರೇಂಜ್ ಕೆಲವು ನೂರು ಹರ್ಟ್ಸ್ ದಾಟಿದರೆ ನಂಬಿಕೆಗೆ ಬಾರದು. ಕಂಪ್ಯೂಟರ್‌ನ ಸೌಂಡ್ ಕಾರ್ಡ್ ವಾಸಿ.

ಇನ್ನು ಮಾರ್ಪಾಡುಗಳು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಒಂದೇ ಚಾನೆಲ್‌ನಲ್ಲಿ ಮೊದಲು. ಇನ್ನೊಂದು ಚಾನೆಲ್ ಹೋಲಿಕೆಗೆ ಉಳಿಯುತ್ತದೆ.

ಮೊದಲನೆಯದು ಕಾರ್ಟ್ರಿಜ್‌ನ ಲೋಡ್, ಅಂದರೆ ಅದಕ್ಕೆ ಎದುರಾಗುವ ಕೆಪಾಸಿಟೆನ್ಸ್. ಕಾರ್ಟ್ರಿಜ್ ಒಂದು ಕಾಯಿಲ್ ಎನ್ನುವುದನ್ನು ಬಹಳ ಜನ ಮರೆಯುತ್ತಾರೆ. ಆಡಿಯೊ ಟೆಕ್ನಿಕಾದ ವಿಎಂ95ಇ ತೆಗೆದುಕೊಳ್ಳಿ, ಇಂಡಕ್ಟೆನ್ಸ್ 550 ಮಿಲಿಹೆನ್ರಿ, ತಯಾರಕರು ಹೇಳುವ ಲೋಡ್ 100ರಿಂದ 200 ಪಿಕೊಫ್ಯಾರಡ್. 200ರಲ್ಲಿ ರೆಸೊನೆನ್ಸ್ 15 ಕಿಲೊಹರ್ಟ್ಸ್. ಉದ್ದನೆಯ ಕಳಪೆ ಕೇಬಲ್ ಸೇರಿ 400 ಆದರೆ ಅದು 10.7ಕ್ಕೆ ಇಳಿದು, ಅಲ್ಲಿ ಉಬ್ಬು ಎದ್ದು, ಮೇಲೆ ಕುಸಿತ. ಗಾಯಕಿಯ ಸಕಾರಗಳು ಉರಿಯುವುದು ಹೀಗೆ. ಮೊದಲು ಕೇಬಲ್ಲಿನ ಕೆಪಾಸಿಟೆನ್ಸ್ ಅಳೆಯಿರಿ. ಒಂದು ಮೀಟರ್‌ಗೆ 100 ಆಸುಪಾಸು ಇದ್ದರೆ ಪ್ರಿಆ್ಯಂಪ್ ಒಳಗೆ ಏನೂ ಸೇರಿಸಬೇಡಿ. ಹೆಚ್ಚು ಲೋಡ್ ಕೇಳುವ ಕಾರ್ಟ್ರಿಜ್ ಇದ್ದರೆ ಮಾತ್ರ 47, 100 ಮತ್ತು 150 ಪಿಕೊಗಳನ್ನು ಡಿಪ್ ಸ್ವಿಚ್ ಮೂಲಕ ಇನ್‌ಪುಟ್‌ಗೆ ಕಟ್ಟಿ.

ಎರಡನೆಯದು ಸಬ್‌ಸಾನಿಕ್ ಫಿಲ್ಟರ್. ಬಾಗಿದ ತಟ್ಟೆ 10 ಹರ್ಟ್ಸ್‌ಗೂ ಕೆಳಗೆ ಸಿಗ್ನಲ್ ಹುಟ್ಟಿಸಿ ವೂಫರ್ ಕೋನನ್ನು ಒಳಹೊರಗೆ ತಳ್ಳುತ್ತದೆ. ಎರಡು 220 ನ್ಯಾನೊ ಸೀರೀಸ್‌ನಲ್ಲಿ, ಎರಡನೆಯದರಿಂದ ಇನ್ನೊಂದು ಆಪ್ ಆ್ಯಂಪ್‌ನ ಪ್ಲಸ್ ಇನ್‌ಪುಟ್‌ಗೆ. ಪ್ಲಸ್‌ನಿಂದ ಗ್ರೌಂಡ್‌ಗೆ 68 ಕಿಲೊಓಮ್. ಎರಡು ಕೆಪಾಸಿಟರ್‌ಗಳ ನಡುವಿನಿಂದ ಔಟ್‌ಪುಟ್‌ಗೆ 33 ಕಿಲೊಓಮ್. ಔಟ್‌ಪುಟ್ ನೇರ ಮೈನಸ್ ಇನ್‌ಪುಟ್‌ಗೆ. ಕಟ್ 15 ಹರ್ಟ್ಸ್, 5 ಹರ್ಟ್ಸ್‌ನಲ್ಲಿ 19 ಡೆಸಿಬೆಲ್ ಕಡಿತ. ಈ ಔಟ್‌ಪುಟ್‌ಗೂ 100 ಓಮ್ ಬೇಕು. 33 ಮತ್ತು 68 ಅದಲುಬದಲಾದರೆ ಫಿಲ್ಟರ್ ಕೆಲಸ ಮಾಡಿದಂತೆಯೇ ಕಾಣುತ್ತದೆ, ಆದರೆ ಮೃದಂಗದ ತೊಪ್ಪಿಯ ಭಾರ ಮಾಯವಾಗುತ್ತದೆ. ಇಲ್ಲಿಗೆ ಟಿಎಲ್072 ಸಾಕು. ಸಿಗ್ನಲ್ ಆಗಲೇ ದೊಡ್ಡದಾಗಿದೆ.

ಅದೇ ಟಿಎಲ್072 ಮೊದಲ ಸ್ಟೇಜ್‌ಗೆ ಬೇಡ. ಅದರ ನಾಯ್ಸ್ 18 ನ್ಯಾನೊವೋಲ್ಟ್, 5532ರದ್ದು 5. ಮೇಲಾಗಿ 20 ಕಿಲೊಹರ್ಟ್ಸ್‌ನಲ್ಲಿ ನಮ್ಮ ಫೀಡ್‌ಬ್ಯಾಕ್ ಜಾಲ ಐಸಿಗೆ ಸುಮಾರು 1 ಕಿಲೊಓಮ್ ಲೋಡ್‌ನಂತೆ ಕಾಣುತ್ತದೆ. 5532 ಅದನ್ನು ಸಲೀಸಾಗಿ ಹೊರುತ್ತದೆ, 072 ಹೊರಲಾರದು.

ಹಾಗಾದರೆ ಇನ್ನೂ ಒಳ್ಳೆಯದೆಂದು ಎಲ್‌ಎಂ4562? ಕಾಗದದಲ್ಲಿ ಅದರ ನಾಯ್ಸ್ 2.7 ನ್ಯಾನೊವೋಲ್ಟ್, 5532ರ ಅರ್ಧ. ಆದರೆ ಕರೆಂಟ್ ನಾಯ್ಸ್ ಎಂಬ ಇನ್ನೊಂದು ಸಾಲು ಡೇಟಾಶೀಟ್‌ನಲ್ಲಿ ಇದೆ: 5532ಕ್ಕೆ 0.7 ಪಿಕೊಆಂಪ್, 4562ಕ್ಕೆ 1.6. ಅದೇ 550 ಮಿಲಿಹೆನ್ರಿ ಕಾರ್ಟ್ರಿಜ್ 47 ಕಿಲೊಓಮ್ ಜೊತೆ ಸೇರಿ 10 ಕಿಲೊಹರ್ಟ್ಸ್‌ನಲ್ಲಿ ಸುಮಾರು 28 ಕಿಲೊಓಮ್ ಆಗುತ್ತದೆ. ಕರೆಂಟ್ ನಾಯ್ಸ್ ಅದರ ಮೇಲೆ ಹರಿದರೆ 5532ರಲ್ಲಿ 20 ನ್ಯಾನೊವೋಲ್ಟ್, 4562ರಲ್ಲಿ 45. ದುಬಾರಿ ಐಸಿ ಹಾಕಿ ಹಿಸ್ ಹೆಚ್ಚಿಸಿಕೊಂಡಂತಾಯಿತು. ಇನ್‌ಪುಟ್ ಶಾರ್ಟ್ ಮಾಡಿ ಹೋಲಿಸುವವರಿಗೆ ಇದು ಕಾಣುವುದೇ ಇಲ್ಲ, ಅಲ್ಲಿ 4562 ಗೆಲ್ಲುತ್ತದೆ. ಹೋಲಿಕೆ ಯಾವಾಗಲೂ ಕಾರ್ಟ್ರಿಜ್ ಸಿಕ್ಕಿಸಿ, ಸೂಜಿ ಎತ್ತಿಟ್ಟು ಮಾಡಿ. ಒಪಿಎ2134ಕ್ಕೆ ವೋಲ್ಟೇಜ್ ನಾಯ್ಸ್ 8, ಕರೆಂಟ್ ನಾಯ್ಸ್ ಇಲ್ಲವೆನ್ನುವಷ್ಟು ಕಡಿಮೆ. ಮೂವಿಂಗ್ ಮ್ಯಾಗ್ನೆಟ್‌ಗೆ 5532 ಬಿಟ್ಟರೆ ಪ್ರಯತ್ನಿಸಬಹುದಾದದ್ದು ಅದು. ಐಸಿ ಬದಲಿಸಿದ ಮೇಲೆ ಅದು ಬೆರಳಿಗೆ ಸುಡುವಷ್ಟು ಬಿಸಿಯಾದರೆ, ಅಥವಾ ಕೈ ಹತ್ತಿರ ತಂದಾಗ ಔಟ್‌ಪುಟ್ ಡಿಸಿ ಅಲುಗಾಡಿದರೆ, ಆಸಿಲೇಶನ್ ಎಂದು ತಿಳಿದು ಮೊದಲು 100 ನ್ಯಾನೊ ಎಲ್ಲಿದೆ ಎಂದು ನೋಡಿ.

ಹಳೆಯ ಮೊನೊ ತಟ್ಟೆ ಇರುವವರು ಒಂದು ಸ್ವಿಚ್ ಸೇರಿಸಿಕೊಳ್ಳಿ. ಆ ತಟ್ಟೆಗಳಲ್ಲಿ ಸಂಗೀತ ಇರುವುದು ಸೂಜಿಯ ಅಡ್ಡ ಚಲನೆಯಲ್ಲಿ. ಮೇಲೆ ಕೆಳಗಿನ ಚಲನೆಯೆಲ್ಲ ಬರೀ ಸದ್ದು. ಎರಡು ಚಾನೆಲ್ ಕೂಡಿಸಿದರೆ ಆ ಸದ್ದು ಬಹುಮಟ್ಟಿಗೆ ರದ್ದಾಗುತ್ತದೆ. ಔಟ್‌ಪುಟ್‌ಗಳನ್ನು ನೇರ ಶಾರ್ಟ್ ಮಾಡದೆ ಪ್ರತಿಯೊಂದಕ್ಕೂ 1 ಕಿಲೊಓಮ್ ಇಟ್ಟು ಕೂಡಿಸಿ, ಇಲ್ಲದಿದ್ದರೆ ಎರಡು ಐಸಿ ಭಾಗಗಳು ಒಂದನ್ನೊಂದು ಎಳೆದಾಡುತ್ತವೆ. 78 ಆರ್‌ಪಿಎಂ ತಟ್ಟೆಗಳಿಗೂ ಈ ಸ್ವಿಚ್ ಉಪಯೋಗಕ್ಕೆ ಬರುತ್ತದೆ, ಆದರೆ ಅವಕ್ಕೆ ಎಲ್‌ಪಿಯ ಸೂಜಿ ಆಗುವುದಿಲ್ಲ. ತುದಿಯ ತ್ರಿಜ್ಯ ಇಂಚಿನ ಸಾವಿರ ಭಾಗಗಳಲ್ಲಿ ಮೂರರಷ್ಟು ಇರುವ ಸೂಜಿ ಬೇಕು. ಅವುಗಳ ರೆಕಾರ್ಡಿಂಗ್ ಕರ್ವ್ ಕೂಡ ಆರ್‌ಐಎಎ ಅಲ್ಲವಾದ್ದರಿಂದ ನಮ್ಮ ಪ್ರಿಆ್ಯಂಪ್‌ನಲ್ಲಿ ಟ್ರೆಬಲ್ ಮಂಕಾಗಿ ಕೇಳುತ್ತದೆ. ಮುಂದಿನ ಆ್ಯಂಪ್‌ನ ಟ್ರೆಬಲ್ ನಾಬ್ ಏರಿಸಿಕೊಂಡರೆ ಸದ್ಯಕ್ಕೆ ಆಗುತ್ತದೆ.