ಚಕ್ರದೊಳಗಿನ ಗಾಳಿ

ಕೇಳುಗರಿಗೆ ನಮಸ್ಕಾರ.

ಸೈಕಲ್ ಅಂಗಡಿಯ ಮುಂದೆ ಪಂಚರ್ ಹಾಕಿಸಿಕೊಳ್ಳಲು ಕಾದು ನಿಂತವರಿಗೆಲ್ಲ ಈ ನೋಟ ಪರಿಚಿತವಾದದ್ದು. ಅಂಗಡಿಯಾತ ಟೈರಿನೊಳಗಿಂದ ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ನೀರಿನ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಮುಳುಗಿಸುತ್ತಾ ತಿರುಗಿಸುತ್ತಾನೆ. ಎಲ್ಲೋ ಒಂದು ಕಡೆ ಸಣ್ಣ ಗುಳ್ಳೆಗಳ ಸಾಲು ಮೇಲೇಳುತ್ತದೆ. ಆ ಜಾಗವನ್ನು ಒರೆಸಿ, ಉಪ್ಪು ಕಾಗದದಿಂದ ಉಜ್ಜಿ, ಸೊಲ್ಯೂಷನ್ ಸವರಿ, ಅದು ಕೊಂಚ ಆರುವವರೆಗೆ ಊದುತ್ತಾ ಕುಳಿತು, ಪ್ಯಾಚ್ ಒತ್ತಿ ಸುತ್ತಿಗೆಯಿಂದ ತಟ್ಟುತ್ತಾನೆ. ಹತ್ತು ಹದಿನೈದು ನಿಮಿಷಗಳ ಕೆಲಸ. ಸಾರಿಗೆಯ ಸಂಶೋಧನೆಗಳೆಂದಾಗ ನಮ್ಮ ಮನಸ್ಸು ಉಗಿಯಂತ್ರದ ಕಡೆಗೋ ವಿಮಾನದ ಕಡೆಗೋ ಹೋಗುತ್ತದೆ. ಆದರೆ ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಆ ಗುಳ್ಳೆಗಳಲ್ಲಿ ಹೊರಬಂದು ಹೋದ ವಸ್ತುವಿನ ಬಗ್ಗೆ, ಅಂದರೆ ಚಕ್ರದೊಳಗೆ ಸೇರಿಕೊಂಡ ಗಾಳಿಯ ಬಗ್ಗೆ.

ಚಕ್ರ ಹುಟ್ಟಿ ಸಾವಿರಾರು ವರ್ಷಗಳಾದರೂ ಅದರ ಅಂಚು ಬಹುಕಾಲ ಗಟ್ಟಿಯಾಗಿಯೇ ಉಳಿದಿತ್ತು. ಮರದ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿ ನೀರು ಹೊಯ್ದರೆ ಅದು ಕುಗ್ಗಿ ಬಿಗಿಯಾಗುತ್ತದೆ. ಗಾಲಿ ಬಾಳಿಕೆ ಬರುತ್ತದೆ, ನಿಜ. ಆದರೆ ಅಂಥ ಗಾಲಿ ಒಂದು ಕಲ್ಲಿನ ಮೇಲೆ ಹತ್ತಿದಾಗ ಇಡೀ ಬಂಡಿ, ಅದರ ಹೊರೆ, ಅದರಲ್ಲಿ ಕುಳಿತವರು, ಎಲ್ಲವೂ ಆ ಕಲ್ಲಿನಷ್ಟೇ ಎತ್ತರಕ್ಕೆ ಏಳಬೇಕು, ಮತ್ತೆ ಧೊಪ್ಪನೆ ಇಳಿಯಬೇಕು. ಈ ಏಳುಬೀಳಿಗೆ ಬೇಕಾದ ಶಕ್ತಿಯನ್ನು ಎತ್ತೋ ಕುದುರೆಯೋ ಸವಾರನ ಕಾಲೋ ಒದಗಿಸಬೇಕು. ಗಾಳಿ ತುಂಬಿದ ಟೈರಿನಲ್ಲಿ ಹಾಗಲ್ಲ. ಕಲ್ಲು ತಗುಲಿದ ಜಾಗವಷ್ಟೇ ಒಳಕ್ಕೆ ತಗ್ಗುತ್ತದೆ, ಕಲ್ಲು ದಾಟಿದೊಡನೆ ಹಿಂದಿನ ಆಕಾರಕ್ಕೆ ಬರುತ್ತದೆ, ಬಂಡಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಇದನ್ನು ಮೊದಲು ಕಂಡುಕೊಂಡವನು ಡನ್‌ಲಪ್ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದು ಪೂರ್ತಿ ನಿಜವಲ್ಲ. ಸ್ಕಾಟ್ಲೆಂಡಿನ ಸ್ಟೋನ್‌ಹೇವನ್ ಎಂಬ ಊರಿನಲ್ಲಿ ಹುಟ್ಟಿದ ರಾಬರ್ಟ್ ವಿಲಿಯಂ ಥಾಮ್ಸನ್, ಡನ್‌ಲಪ್‌ಗಿಂತ ನಾಲ್ಕು ದಶಕಗಳಿಗೂ ಮೊದಲು, 1845ರಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ ಗಾಳಿಚಕ್ರಕ್ಕೆ ಪೇಟೆಂಟ್ ಪಡೆದಿದ್ದ. ರಬ್ಬರು ಲೇಪಿಸಿದ ಕ್ಯಾನ್ವಾಸಿನ ಕೊಳವೆ, ಅದರ ಮೇಲೆ ದಪ್ಪ ಚರ್ಮದ ಹೊದಿಕೆ, ಆ ಹೊದಿಕೆಯನ್ನು ಗಾಲಿಗೆ ಬಿಗಿಯಲು ಬೋಲ್ಟುಗಳು: ಇದು ಅವನ ವ್ಯವಸ್ಥೆ. 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆ ಗಾಡಿಗಳಿಗೆ ಇದನ್ನು ತೊಡಿಸಿ ಓಡಿಸಿ ತೋರಿಸಿದಾಗ ಗಾಡಿ ಸದ್ದಿಲ್ಲದೆ ಸಾಗುವುದನ್ನು ಕಂಡು ಜನ ಬೆರಗಾದರು. ಒಂದು ಜೊತೆ ಚಕ್ರಗಳು 1,200 ಮೈಲಿ ಓಡಿಯೂ ಕೆಡಲಿಲ್ಲ. ಆದರೂ ಯಾರೂ ಕೊಳ್ಳಲಿಲ್ಲ. ಬೆಲೆ ಹೆಚ್ಚಾಗಿತ್ತು, ತೆಳುವಾದ ಒಳ್ಳೆಯ ರಬ್ಬರು ಸುಲಭವಾಗಿ ದೊರಕುತ್ತಿರಲಿಲ್ಲ. ಇದಕ್ಕಿಂತ ಮುಖ್ಯವಾದ ಕಾರಣವೆಂದರೆ, ಗಾಡಿ ಎಳೆಯುವ ಕುದುರೆ ತನಗಾಗುವ ಆಯಾಸವನ್ನು ಯಾರಲ್ಲೂ ಹೇಳಿಕೊಳ್ಳುತ್ತಿರಲಿಲ್ಲ. ಥಾಮ್ಸನ್ ಮುಂದೆ ಗಟ್ಟಿ ರಬ್ಬರಿನ ಗಾಲಿಗಳ ಕಡೆಗೂ ರಸ್ತೆಯ ಮೇಲೆ ಓಡುವ ಉಗಿಬಂಡಿಗಳ ಕಡೆಗೂ ತಿರುಗಿದ. ಅವನು 1873ರಲ್ಲಿ ತೀರಿಕೊಂಡಾಗ ಅವನ ಗಾಳಿಚಕ್ರವನ್ನು ಲೋಕ ಮರೆತುಬಿಟ್ಟಿತ್ತು.

ನಡುವಿನ ಆ ವರ್ಷಗಳಲ್ಲಿ ಹುಟ್ಟಿದ್ದು, ಮನುಷ್ಯ ತನ್ನ ಕಾಲಿನಿಂದಲೇ ತುಳಿದು ನಡೆಸುವ ವಾಹನ. 1860ರ ದಶಕದ ಸೈಕಲ್ಲುಗಳ ಗಾಲಿಗೂ ಕಬ್ಬಿಣದ ಪಟ್ಟಿಯೇ ಇತ್ತು. ಇಂಗ್ಲೆಂಡಿನವರು ಅದಕ್ಕೆ ಎಲುಬು ಅಲುಗಿಸುವ ಯಂತ್ರ ಎಂದೇ ಅಡ್ಡಹೆಸರಿಟ್ಟರು. ಆಮೇಲೆ ಬಂದ ಎತ್ತರದ ಸೈಕಲ್ಲಿನ ಮುಂದಿನ ಚಕ್ರ ಆಳೆತ್ತರಕ್ಕೆ ಬೆಳೆಯಿತು. ಹೆಚ್ಚಿನ ವೇಗಕ್ಕಾಗಿ ಅದನ್ನು ಹಾಗೆ ಮಾಡಿದ್ದರೂ, ದೊಡ್ಡ ಚಕ್ರ ಸಣ್ಣ ಗುಂಡಿಗಳನ್ನು ಲೆಕ್ಕಿಸದೆ ದಾಟುತ್ತಿದ್ದುದರಿಂದ ಕುಲುಕಾಟವೂ ಕಡಿಮೆಯಾಗಿತ್ತು. ಬಿದ್ದರೆ ಮಾತ್ರ ತಲೆ ಮೊದಲು ನೆಲ ಕಾಣುತ್ತಿತ್ತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಹೊರತಂದ ರೋವರ್ ಸೈಕಲ್ಲು ಆ ಅಪಾಯವನ್ನು ತಪ್ಪಿಸಿತು: ಹೆಚ್ಚುಕಡಿಮೆ ಒಂದೇ ಅಳತೆಯ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಸರಪಳಿ, ಇಂದು ನಾವು ತುಳಿಯುವ ಸೈಕಲ್ಲಿನ ರೂಪವೇ. ಆದರೆ ಚಕ್ರ ಚಿಕ್ಕದಾದೊಡನೆ ಕುಲುಕಾಟ ಮರಳಿ ಬಂತು. ಈ ಬಾರಿ ಆಯಾಸಪಡುವ ಪ್ರಾಣಿಗೆ ಬಾಯಿತ್ತು, ಜೇಬಿನಲ್ಲಿ ಹಣವೂ ಇತ್ತು.

ಇಂಥ ಹೊತ್ತಿನಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಕಲ್ಲು ಹಾಸಿದ ಬೀದಿಗಳಲ್ಲಿ ಮೂರು ಚಕ್ರದ ಸೈಕಲ್ಲು ತುಳಿಯುತ್ತಿದ್ದ ತನ್ನ ಮಗನ ಪಾಡನ್ನು ನೋಡಿ ಒಂದು ಪ್ರಯೋಗಕ್ಕೆ ಕೈಹಾಕಿದ. ಅದು 1887ರ ಕೊನೆಯ ಭಾಗ. ಮರದ ದುಂಡನೆಯ ಹಲಗೆಯ ಸುತ್ತ ರಬ್ಬರು ಕೊಳವೆಯನ್ನು ಸುತ್ತಿ, ಮೇಲೆ ಬಟ್ಟೆ ಹೊದಿಸಿ ಮೊಳೆ ಹೊಡೆದು, ಫುಟ್‌ಬಾಲಿಗೆ ಗಾಳಿ ತುಂಬುವ ಪಂಪಿನಿಂದ ಗಾಳಿ ತುಂಬಿದ. ಹಿತ್ತಲ ಅಂಗಳದಲ್ಲಿ ಮೊದಲು ಮಗನ ಸೈಕಲ್ಲಿನ ಗಟ್ಟಿ ಚಕ್ರವನ್ನು ಉರುಳಿಬಿಟ್ಟ. ಅದು ಅಂಗಳದ ತುದಿ ತಲುಪುವ ಮೊದಲೇ ಅಡ್ಡಬಿತ್ತು. ಆಮೇಲೆ ಗಾಳಿ ತುಂಬಿದ ಹಲಗೆಯನ್ನು ಉರುಳಿಸಿದ. ಅದು ಅಂಗಳವನ್ನು ದಾಟಿ, ಗೇಟಿಗೆ ಬಡಿದು, ಪುಟಿದು ಹಿಂದಕ್ಕೆ ಬಂತು. ಪ್ರಯೋಗಶಾಲೆಯ ಉಪಕರಣ ಒಂದೂ ಇಲ್ಲದೆ ಇಷ್ಟು ಖಚಿತವಾದ ಉತ್ತರ ಪಡೆದ ಪರೀಕ್ಷೆಗಳು ವಿಜ್ಞಾನದ ಚರಿತ್ರೆಯಲ್ಲಿ ಹೆಚ್ಚಿಲ್ಲವೆಂದೇ ನನಗೆ ತೋರುತ್ತದೆ.

1888ರಲ್ಲಿ ಪೇಟೆಂಟ್ ಬಂತು. 1889ರ ಮೇ ತಿಂಗಳಲ್ಲಿ ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟಕ್ಕೆ ವಿಲಿ ಹ್ಯೂಮ್ ಎಂಬ ಸವಾರ ಈ ಉಬ್ಬಿದ ಟೈರುಗಳನ್ನು ಹಾಕಿಕೊಂಡು ಬಂದಾಗ ನೋಡಿದವರು ನಕ್ಕರು. ಅವನು ಪಂದ್ಯಗಳನ್ನು ಗೆದ್ದ ಮೇಲೆ ನಗು ನಿಂತಿತು. ಪೇಟೆಂಟ್ ಮಾತ್ರ ನಿಲ್ಲಲಿಲ್ಲ. ಥಾಮ್ಸನ್ನನ ಹಳೆಯ ಕಾಗದಗಳು ಬೆಳಕಿಗೆ ಬಂದು 1890ರಲ್ಲಿ ಡನ್‌ಲಪ್‌ನ ಹಕ್ಕು ಬಿದ್ದುಹೋಯಿತು. ಅವನ ಹೆಸರಿನ ವ್ಯವಹಾರ 1896ರಲ್ಲಿ 30 ಲಕ್ಷ ಪೌಂಡಿಗೆ ಮಾರಾಟವಾಗುವ ಹೊತ್ತಿಗೆ ಅವನು ಅದರಿಂದ ಹೊರಬಂದಾಗಿತ್ತು.

ಇಷ್ಟಾದರೂ ಈ ಟೈರು ಇನ್ನೂ ಶ್ರೀಮಂತರ ಮತ್ತು ಪಂದ್ಯಗಾರರ ವಸ್ತುವಾಗಿತ್ತು, ಏಕೆಂದರೆ ಅದನ್ನು ಚಕ್ರಕ್ಕೆ ಅಂಟಿಸಿಬಿಡುತ್ತಿದ್ದರು. ಫ್ರಾನ್ಸಿನ ಕ್ಲೆರ್ಮಾಂ-ಫೆರಾಂ ಊರಿನಲ್ಲಿ ರಬ್ಬರು ಕಾರ್ಖಾನೆ ನಡೆಸುತ್ತಿದ್ದ ಮಿಶೆಲಿನ್ ಸಹೋದರರ ಬಳಿಗೆ ಸವಾರನೊಬ್ಬ ಪಂಚರಾದ ಟೈರು ತಂದಾಗ, ಅದನ್ನು ಬಿಚ್ಚಿ ಅಂಟಿಸಲು ಗಂಟೆಗಳೇ ಹಿಡಿದವು, ಅಂಟು ಆರಲು ಒಂದು ರಾತ್ರಿ ಬೇಕಾಯಿತು. ಬಿಚ್ಚಿ ಹಾಕಬಲ್ಲ ಟೈರನ್ನು ಅವರು ರೂಪಿಸಿದ್ದು 1891ರಲ್ಲಿ. ಅದೇ ವರ್ಷ ಪ್ಯಾರಿಸ್ಸಿನಿಂದ ಬ್ರೆಸ್ಟ್‌ಗೆ ಹೋಗಿ ಮರಳುವ ಸುಮಾರು 1,200 ಕಿಲೋಮೀಟರಿನ ಪಂದ್ಯವನ್ನು ಶಾರ್ಲ್ ತೆರೋಂ ಆ ಟೈರುಗಳ ಮೇಲೆ ಗೆದ್ದ. ನನ್ನ ದೃಷ್ಟಿಯಲ್ಲಿ ಡನ್‌ಲಪ್‌ನ ಅಂಗಳದ ಪ್ರಯೋಗಕ್ಕಿಂತ ಇದು ಕಡಿಮೆಯ ಸಾಧನೆಯಲ್ಲ. ಗಾಳಿಯ ಟೈರು ತೂತಾಗುವುದು ಖಂಡಿತ. ತೂತಾದಾಗ ದಾರಿಯ ಬದಿಯಲ್ಲಿಯೇ ಸರಿಮಾಡಲು ಬಂದದ್ದರಿಂದ ಅದು ಸಾಮಾನ್ಯನ ಕೈಗೆ ಬಂತು.

ಈ ನಯವಾದ ಸವಾರಿಗೆ ಬೇರೆಡೆ ಯಾರೋ ಬೆಲೆ ತೆತ್ತರು ಎಂಬುದನ್ನು ಹೇಳದೆ ಮುಂದೆ ಹೋಗಲಾಗದು. ಟೈರುಗಳಿಂದ ರಬ್ಬರಿನ ಬೇಡಿಕೆ ಏರಿದಾಗ, ಬೆಲ್ಜಿಯಂ ದೊರೆ ಎರಡನೆಯ ಲಿಯೋಪೋಲ್ಡ್ ತನ್ನ ಸ್ವಂತ ಆಸ್ತಿಯಂತೆ ಆಳುತ್ತಿದ್ದ ಕಾಂಗೋದಲ್ಲಿ ಕಾಡುರಬ್ಬರು ತರುವಂತೆ ಹಳ್ಳಿಗರನ್ನು ಚಿತ್ರಹಿಂಸೆಗೆ ಗುರಿಮಾಡಲಾಯಿತು. ಬ್ರಿಟಿಷ್ ರಾಯಭಾರ ಅಧಿಕಾರಿ ರೋಜರ್ ಕೇಸ್‌ಮೆಂಟ್‌ನ 1904ರ ವರದಿ ಆ ಕ್ರೌರ್ಯವನ್ನು ಲೋಕದ ಮುಂದಿಟ್ಟಿತು. 1908ರಲ್ಲಿ ದೊರೆ ಆ ಪ್ರದೇಶವನ್ನು ಬಿಟ್ಟುಕೊಡಬೇಕಾಯಿತು. ಮುಂದೆ ರಬ್ಬರು ತೋಟದ ಬೆಳೆಯಾಗಿ ಏಷ್ಯಾದಲ್ಲಿ ಬೇರೂರಿತು. ನಮ್ಮ ಸುಳ್ಯ, ಪುತ್ತೂರುಗಳ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ಟ್ಯಾಪಿಂಗ್ ಮಾಡುವವರಲ್ಲಿ, ಅಂದರೆ ಮರದ ತೊಗಟೆ ಕೊಯ್ದು ಹಾಲು ಇಳಿಸುವವರಲ್ಲಿ, ಭಾರತ ಮತ್ತು ಶ್ರೀಲಂಕಾ ನಡುವಿನ 1964ರ ಒಪ್ಪಂದದ ತರುವಾಯ ಶ್ರೀಲಂಕಾದಿಂದ ಬಂದು ನೆಲೆಸಿದ ತಮಿಳು ಕುಟುಂಬಗಳವರು ಬಹಳ ಮಂದಿ ಇದ್ದಾರೆ.

ನಮ್ಮ ಹಳ್ಳಿಗಳಿಗೆ ಈ ಗಾಳಿ ಸೈಕಲ್ಲಿನ ಜೊತೆಗೆ ಎತ್ತಿನ ಗಾಡಿಯ ಮೂಲಕವೂ ಬಂತು. ಮರದ ಗಾಲಿ ಹೋಗಿ ಟೈರ್ ಗಾಡಿ ಬಂದಾಗ ಎತ್ತುಗಳ ಹೆಗಲು ಹಗುರವಾಯಿತು, ಕಬ್ಬಿಣದ ಪಟ್ಟಿ ಕೊರೆಯುತ್ತಿದ್ದ ರಸ್ತೆಗಳೂ ಉಳಿದುಕೊಂಡವು. ಗಾಲಿ ಕಟ್ಟುತ್ತಿದ್ದ ಬಡಗಿ ಮತ್ತು ಕಮ್ಮಾರರ ಕುಲುಮೆಯ ಕೆಲಸ ಅದರೊಂದಿಗೆ ಕಡಿಮೆಯಾಯಿತು.

ಪಂಚರ್ ಅಂಗಡಿಯಾತ ಪ್ಯಾಚ್ ತಟ್ಟಿದ ಮೇಲೆ ಇನ್ನೊಂದು ಕೆಲಸ ಮಾಡುತ್ತಾನೆ. ವಾಲ್ವನ್ನು ಬಿಚ್ಚಿ, ಅದರ ತುದಿಯ ತೂತಿನ ಮೇಲೆ ತೊಡಿಸಿದ, ಹುಲ್ಲುಕಡ್ಡಿಯಷ್ಟು ಸಣ್ಣ ವಾಲ್‌ಟ್ಯೂಬನ್ನು ಪರೀಕ್ಷಿಸುತ್ತಾನೆ. ಪಂಪು ಒತ್ತಿದಾಗ ಗಾಳಿ ಅದನ್ನು ಉಬ್ಬಿಸಿ ಒಳಗೆ ನುಗ್ಗುತ್ತದೆ. ಒಳಗಿನ ಗಾಳಿ ಹೊರಬರಲು ಹೋದರೆ ಅದೇ ರಬ್ಬರು ತೂತಿಗೆ ಅಂಟಿಕೊಂಡು ಬಾಗಿಲು ಹಾಕುತ್ತದೆ. ಅದು ಒಣಗಿ ಬಿರಿದಿದ್ದರೆ ಡಬ್ಬಿಯಿಂದ ಬೆರಳುದ್ದದ ಹೊಸ ತುಂಡು ಕತ್ತರಿಸಿ, ಎಂಜಲು ಸವರಿ ತೂರಿಸಿ, ವಾಲ್ವನ್ನು ತಿರುಪುತ್ತಾನೆ. ಆಮೇಲೆ ಪಂಪನ್ನು ನಮ್ಮ ಕೈಗೆ ಕೊಡುತ್ತಾನೆ.

ನಮಸ್ಕಾರ.