ಡಿಫೆನ್ಸ್ ಅಂದರೆ ಹಿಂದೆ ನಿಲ್ಲುವುದಲ್ಲ

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಕೋಲಾರ ಜಿಲ್ಲೆಯ ಪಿ.ಟಿ. ಮೇಷ್ಟ್ರುಗಳಿಗೆ, ಸಂಜೆ ಹೊತ್ತು ಹುಡುಗರನ್ನು ಮೈದಾನಕ್ಕೆ ಕರೆತರುವ ಅಣ್ಣಂದಿರಿಗೆ. ಕೆ.ಜಿ.ಎಫ್. ಕಡೆಯವರಿಗೆ ಫುಟ್‌ಬಾಲ್ ಹೊಸದೇನಲ್ಲ, ಗಣಿ ಕಾಲದಿಂದಲೂ ಆಡುತ್ತಿದ್ದಾರೆ. ಆದರೆ ಒಂದು ಅಭ್ಯಾಸ ನನಗೆ ಸುತಾರಾಂ ಹಿಡಿಸುವುದಿಲ್ಲ. ಚೆನ್ನಾಗಿ ಆಡುವವನು ಗೋಲು ಹೊಡೆಯುವ ಫಾರ್ವರ್ಡ್, ಆಡಲು ಬಾರದವನು ಗೋಲು ತಡೆಯುವ ಡಿಫೆನ್ಸ್. "ನೀನು ಹಿಂದೆ ನಿಂತ್ಕೊಳಪ್ಪ, ಚೆಂಡು ಬಂದ್ರೆ ದೂರಕ್ಕೆ ಒದಿ" ಅಂದರೆ ಕೋಚಿಂಗ್ ಮುಗಿಯಿತು! ಡಿಫೆನ್ಸ್ ಅಂದರೆ ಹಿಂದೆ ನಿಲ್ಲುವುದಲ್ಲ. ಮುಂದೆ ನುಗ್ಗಿ ಚೆಂಡು ಕಿತ್ತುಕೊಳ್ಳುವುದು.

ಇಟಲಿಯ ಅರ್ರಿಗೊ ಸಾಕಿ ಅವರ ವಿಷಯ ಹೇಳಲೇಬೇಕು. ದೊಡ್ಡ ಆಟಗಾರರೇನಲ್ಲ, ಶೂ ಮಾರುವ ಕೆಲಸ ಮಾಡಿದ್ದವರು. 1987ರಲ್ಲಿ ಅಲ್ಲಿನ ಎ.ಸಿ. ಮಿಲಾನ್ ಕ್ಲಬ್‌ಗೆ ಕೋಚ್ ಆಗಿ ಬಂದರು. ತಂಡದಲ್ಲಿ ಗುಲ್ಲಿಟ್, ವ್ಯಾನ್ ಬಾಸ್ಟನ್‌ರಂಥ ಘಟಾನುಘಟಿಗಳು. ಒಟ್ಟಾಗಿ ಆಡುವ ಐವರು ಹೊಂದಾಣಿಕೆಯಿಲ್ಲದ ಹತ್ತು ಮಂದಿಯನ್ನು ತಡೆಯಬಲ್ಲರು ಅನ್ನುವ ಸಾಕಿ ಮಾತನ್ನು ಅವರು ಸುಮ್ನೆ ಒಪ್ಪುತ್ತಾರಾ? ಸಾಕಿ ಮೈದಾನದಲ್ಲೇ ತೋರಿಸಿದರು. ಒಂದು ಕಡೆ ಐದೇ ಜನ: ಗೋಲ್‌ಕೀಪರ್ ಗಲ್ಲಿ, ಅವರ ಮುಂದೆ ಟಸ್ಸೊಟ್ಟಿ, ಕೊಸ್ಟಾಕುರ್ಟಾ, ಬರೇಸಿ, ಮಾಲ್ಡೀನಿ. ಇನ್ನೊಂದು ಕಡೆ ಗುಲ್ಲಿಟ್, ವ್ಯಾನ್ ಬಾಸ್ಟನ್ ಸೇರಿ ಹತ್ತು ಮಂದಿ. ಗೋಲು ಹೊಡೆಯಲು ಆ ಹತ್ತು ಮಂದಿಗೆ 15 ನಿಮಿಷ. ಚೆಂಡು ಕಳೆದುಕೊಂಡರೆ ತಮ್ಮ ಅರ್ಧದೊಳಗೆ 10 ಮೀಟರ್ ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಬೇಕು. ಎಷ್ಟು ಸಲ ಆಡಿಸಿದರೂ ಒಂದು ಗೋಲೂ ಆಗಲಿಲ್ಲ ಅಂತ ಸಾಕಿ ಅವರೇ ಹೇಳಿಕೊಂಡಿದ್ದಾರೆ. ಯಾಕೆ ಅಂದರೆ, ಒಬ್ಬ ಚೆಂಡಿನ ಮೇಲೆ ಹೋದರೆ ಉಳಿದ ಮೂವರು ಅವನ ಬೆನ್ನಿಗೇ ಒತ್ತಿಕೊಂಡು ಬರುತ್ತಿದ್ದರು. ನಾಲ್ವರೂ ಒಟ್ಟಿಗೆ ಒಂದು ಹೆಜ್ಜೆ ಮುಂದಿಟ್ಟರೆ ಸಾಕು, ಎದುರಿನ ಫಾರ್ವರ್ಡ್ ಅವರ ಬೆನ್ನ ಹಿಂದೆ ಗೋಲಿನ ಕಡೆ ಉಳಿದು ಆಫ್‌ಸೈಡ್, ಅಂದರೆ ಅವನಿಗೆ ಪಾಸ್ ಕೊಟ್ಟರೆ ನಿಯಮದ ಪ್ರಕಾರ ತಪ್ಪು.

ಮೊದಲ ಸೀಸನ್ನಲ್ಲಿ ಮಿಲಾನ್ 30 ಲೀಗ್ ಪಂದ್ಯಗಳಲ್ಲಿ ಬಿಟ್ಟುಕೊಟ್ಟಿದ್ದು 14 ಗೋಲು. ಲೀಗ್ ಗೆದ್ದರು. 1989ರ ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡವನ್ನು 5-0ಯಿಂದ ಸೋಲಿಸಿದರು. ಎದುರಾಳಿಯ ಗೋಲಿನ ಹತ್ತಿರವೇ ಚೆಂಡು ಕಿತ್ತುಕೊಂಡರೆ ಗೋಲು ಹೊಡೆಯುವುದೂ ಸುಲಭ ಅಲ್ವಾ? ಅದಕ್ಕೇ ಮತ್ತೆ ಹೇಳುತ್ತೇನೆ, ಮುಂದೆ ನುಗ್ಗಬೇಕು.

ಪ್ರತಿಭೆ ಬೇಡವಾ ಅಂತ ಕೇಳಬಹುದು. ಬೇಕು. ಬರೇಸಿ ತರಹ ಆಟ ಓದುವವನೊಬ್ಬ ಇರಲೇಬೇಕು. ಹಿಂದಿರುವವರಿಗೆ ಓಟ ಇಲ್ಲದಿದ್ದರೆ ತಲೆ ಮೇಲಿಂದ ಬರುವ ಒಂದು ಪಾಸ್ ಸಾಕು, ಕಥೆ ಮುಗೀತು. ಆದ್ದರಿಂದ ನಿಮ್ಮ ಒಳ್ಳೆ ಓಟಗಾರರಲ್ಲಿ ಇಬ್ಬರನ್ನಾದರೂ ಡಿಫೆನ್ಸ್‌ಗೆ ಹಾಕಿ. ಹುಡುಗ ಮುನಿಸಿಕೊಳ್ಳುತ್ತಾನೆ, ಅವರಪ್ಪ ಬಂದು ಕೇಳುತ್ತಾರೆ. ಕೇಳಲಿ ಬಿಡಿ. ಗೋಲ್‌ಕೀಪರ್ ಬಗ್ಗೆಯೂ ಹೇಳಬೇಕಿತ್ತು, ಸಮಯ ಆಯಿತು. ನಾಳೆ ಸಂಜೆಯೇ ಐವರನ್ನು ಹತ್ತು ಮಂದಿಯ ಎದುರು ಆಡಿಸಿ ನೋಡಿ. ನಮಸ್ಕಾರ.